ಹಗ್ಗದ ಆ ತುದಿ

ಮನೆಯಿಂದ,
ಭಾನುವಾರ, ಮಾರ್ಚ್ ೯

ನನ್ನ ಪುಟ್ಟಮ್ಮನಿಗೆ ಅಪ್ಪನ ತುಂಬು ಪ್ರೀತಿ.

ಆಸ್ಪತ್ರೆಯಲ್ಲಿ ದಿನವಿಡೀ ನಿಂತು ನಿಂತು ಕಾಲು ಊದಿಕೊಳ್ಳುತ್ತದೆ ಎಂದು ಬರೆದಿದ್ದೆಯಲ್ಲ, ಈಗ ಹೇಗಿದೆ? ಬಿಸಿನೀರಿನಲ್ಲಿ ಇಡು. ಒಂದೇ ಕಾಲಿನವನು ಎರಡು ಕಾಲಿನವಳಿಗೆ ಬುದ್ಧಿ ಹೇಳುತ್ತಾನೆ ಎಂದು ನಗಬೇಡ. ನಾವಿಬ್ಬರೂ ಚೆನ್ನಾಗಿದ್ದೇವೆ. ನನ್ನ ಮರದ ಕಾಲಿಗೆ ಹೊಸ ಪಟ್ಟಿ ಹಾಕಿಸಿದ್ದೇನೆ. ‘ಕಿರುಗುಟ್ಟೋದು ನಿಂತ್ಹೋಯ್ತು, ಇನ್ನು ನೀವು ಅಡುಗೆಮನೆಗೆ ನುಗ್ಗಿದ್ದು ಗೊತ್ತಾಗೋದು ಹೇಗೆ?’ ಎಂದು ನಿನ್ನಮ್ಮನ ದೂರು.

ನೀನು ಹಟ ಹಿಡಿದೆ ಎಂದು ಪದಕದ ಕಚೇರಿಗೆ ಹೋಗಿದ್ದೆ. ಯುದ್ಧದಲ್ಲಿ ಗಾಯಗೊಂಡವರಿಗೆ ಕೊಡುವ ಪದಕ, ಇಷ್ಟು ವರ್ಷ ಬಾರದ್ದು, ಈಗಲೂ ಬರಬಹುದಂತೆ. ಆದರೆ ನಾನು ಗಾಯಗೊಂಡಿದ್ದನ್ನು ಕಣ್ಣಾರೆ ಕಂಡವರು ಬಂದು ಹೇಳಬೇಕಂತೆ. ‘ಹೋದ ಕಾಲೇ ಹೇಳುತ್ತಲ್ಲಪ್ಪ’ ಎಂದೆ. ‘ಅದನ್ನ ಕರ್ಕೊಂಡು ಬರೋಕಾಗಲ್ವಲ್ಲ ತಾತಾ’ ಎಂದ ಗುಮಾಸ್ತ. ಇಬ್ಬರೂ ನಕ್ಕೆವು.

ಕಂಡವರು ಎಂದರೆ ಈಗ ಉಳಿದಿರುವವನು ಗೊರಕೆ ಒಬ್ಬನೇ. (ಚಿಕ್ಕವಳಿದ್ದಾಗ, ಅವನ ಹಾಗೆ ಗೊರಕೆ ಹೊಡೆದು ತೋರಿಸು ಎಂದು ಪೀಡಿಸುತ್ತಿದ್ದೆಯಲ್ಲ, ಅವನೇ.) ನಾನು, ಗೊರಕೆ, ಸದಾ ಹಾಡುತ್ತಿದ್ದ ಇನ್ನೊಬ್ಬ ಗೆಳೆಯ, ಹೀಗೆ ನಾವು ಮೂವರು ಯುದ್ಧದಲ್ಲಿ ಟೆಲಿಫೋನ್ ತಂತಿ ಎಳೆಯುತ್ತಿದ್ದವರು. ಮಂಜಿನಲ್ಲಿ ಪಕ್ಕದವನು ಕಾಣುತ್ತಿರಲಿಲ್ಲ, ಕೂಗಿದರೆ ವೈರಿಗೆ ಕೇಳಿಸುತ್ತಿತ್ತು. ಅದಕ್ಕೇ ಒಂದೇ ಹಗ್ಗವನ್ನು ಮೂವರ ಸೊಂಟಕ್ಕೂ ಕಟ್ಟಿಕೊಳ್ಳುತ್ತಿದ್ದೆವು. ಎರಡು ಸಲ ಜಗ್ಗಿದರೆ ‘ಇದ್ದೀಯಾ?’ ಒಂದು ಸಲ ಜಗ್ಗಿದರೆ ‘ಇದ್ದೀನಿ.’ ಗುಂಡು ಸಿಡಿದ ಆ ಬೆಳಿಗ್ಗೆ ನಮ್ಮ ಹಾಡುಗಾರನ ಕಡೆಯಿಂದ ಉತ್ತರ ಬರಲಿಲ್ಲ. ಹಳ್ಳದಲ್ಲಿ ಬಿದ್ದಿದ್ದ ನಾನು ಹೇಗೋ ಒಮ್ಮೆ ಜಗ್ಗಿದೆ. ಗೊರಕೆ ಹಗ್ಗದ ಜಾಡು ಹಿಡಿದು ಬಂದು ನನ್ನನ್ನು ಹೆಗಲಿಗೆ ಹಾಕಿಕೊಂಡ. ‘ಏನು ತಿಂದು ಬೆಳೆದಿದ್ದೀಯೋ ಹಾಳಾದವನೇ’ ಎಂದು ದಾರಿಯುದ್ದಕ್ಕೂ ಪಿಸುಗುಟ್ಟಿ ಬೈದ. ಅಷ್ಟು ಅಕ್ಕರೆಯ ಬೈಗುಳ ಆಮೇಲೆ ನಿನ್ನಮ್ಮನ ಬಾಯಲ್ಲಿ ಮಾತ್ರ ಕೇಳಿದ್ದೇನೆ.

ಬುಧವಾರ ಬಸ್ಸು ಹಿಡಿದು ಅವನ ಮನೆಗೆ ಹೋದೆ. ಕಿಟಕಿ ಪಕ್ಕದ ಕುರ್ಚಿಯಲ್ಲಿದ್ದ. ‘ಗಡಿಯಾರ ರಿಪೇರಿಗೆ ಬಂದ್ರಾ?’ ಎಂದ. ಅವನ ಹೆಂಡತಿ, ‘ಬೇಜಾರು ಮಾಡ್ಕೋಬೇಡಿ ಅಣ್ಣ, ನನ್ನನ್ನೇ ಒಂದೊಂದ್ಸಲ ಯಾರಮ್ಮಾ ಅಂತಾರೆ’ ಎಂದರು. ಎಷ್ಟು ಹೇಳಿದರೂ ಅವನಿಗೆ ನಾನು ನೆನಪಾಗಲಿಲ್ಲ. ಇನ್ನೊಂದು ಕುರ್ಚಿ ಎಳೆದುಕೊಂಡು ಅವನ ಪಕ್ಕದಲ್ಲಿ ಕುಳಿತೆ. ಸ್ವಲ್ಪ ಹೊತ್ತಿಗೆ ನನ್ನ ಅಂಗಿಯ ಅಂಚನ್ನು ಯಾರೋ ಜಗ್ಗಿದರು. ಎರಡು ಸಲ. ನೋಡಿದರೆ ಅವನ ಕಣ್ಣು ಮಾತ್ರ ಕಿಟಕಿಯಾಚೆಗೇ ಇತ್ತು. ‘ದಿನವೆಲ್ಲ ಹೀಗೇ ಬಟ್ಟೆ ಎಳೀತಾರಣ್ಣ. ನೀರು ತಂದುಕೊಟ್ರೆ ಇನ್ನೂ ಜೋರಾಗಿ ಎಳೀತಾರೆ’ ಎಂದರು ಆಕೆ. ನಾನು ಅವನ ತೋಳು ಹಿಡಿದು ಒಮ್ಮೆ ಜಗ್ಗಿದೆ. ಪುಟ್ಟಮ್ಮಾ, ಅವನ ಭುಜ ಸಡಿಲವಾಯಿತು. ಕೂತಲ್ಲೇ ನಿದ್ದೆಹೋದ, ಗೊರಕೆ ಸಮೇತ!

ಹೊತ್ತಿಗೆ ಸರಿಯಾಗಿ ಉಣ್ಣು, ಕಣ್ತುಂಬ ನಿದ್ದೆ ಮಾಡು. ನೀನು ಶುಶ್ರೂಷೆ ಮಾಡಿದವರೆಲ್ಲ ಎದ್ದು ಓಡಾಡಲಿ. ಅಮ್ಮ ನಿನ್ನ ನೆತ್ತಿ ಸವರಿದಳೆಂದು ತಿಳಿ.

ನಿನ್ನ
ಟಕಟಕ ಅಪ್ಪ

ಮರೆತಿದ್ದೆ: ನಾಳೆ ನಾನೂ ಅಮ್ಮನೂ ಗೊರಕೆಯ ಮನೆಗೆ ಹೊರಟಿದ್ದೇವೆ, ಒಂದಷ್ಟು ದಿನ ಅಲ್ಲೇ ಇರುತ್ತೇವೆ. ಆ ತಾಯಿಗೂ ಕೊಂಚ ಬಿಡುವು ಬೇಕು. ಪದಕದ ಕಚೇರಿಯಲ್ಲಿ ನಿನ್ನ ನಂಬರನ್ನೂ ಕೊಟ್ಟಿದ್ದೇನೆ; ಅವರು ಫೋನ್ ಮಾಡಿದರೆ, ಅಪ್ಪ ಡ್ಯೂಟಿ ಮೇಲೆ ಹೋಗಿದ್ದಾರೆ ಎನ್ನು.