ಬಲತೋಳು ನಿಮ್ಮದು

ಅತ್ತೆ,

ಹಾಲು ಕಾಯಿಸಿಟ್ಟಿದ್ದೀನಿ. ಮೊಣಕಾಲಿನ ಎಣ್ಣೆ ಕಿಟಕಿಯ ಹತ್ತಿರ ಇದೆ, ಹಚ್ಚಿಕೊಳ್ಳಿ. ಹಚ್ಚಿಕೊಂಡೆ ಅಂತ ಸುಳ್ಳು ಹೇಳೋದಕ್ಕಾದರೂ ನೀವು ನನ್ನ ಜೊತೆ ಮಾತಾಡಿ ಮೂರು ವಾರವಾಯ್ತು.

ಮದುವೆಯಾದ ವರ್ಷ ಶುರುಮಾಡಿ ಅರ್ಧಕ್ಕೆ ಬಿಟ್ಟಿದ್ದ ನಿಮ್ಮ ಮಗನ ನೀಲಿ ಸ್ವೆಟರನ್ನು ನಮ್ಮ ಜಗಳದ ಮಾರನೇ ದಿನ ಮತ್ತೆ ಕೈಗೆತ್ತಿಕೊಂಡೆ. ಬೆಳಿಗ್ಗೆ ಎರಡು ಸಾಲು ಹೆಣೆದು, ಬುಟ್ಟಿಯಲ್ಲಿಟ್ಟು ಅಂಚೆ ಕಚೇರಿಗೆ ಹೋಗ್ತೀನಿ. ಸಂಜೆ ಬಂದು ನೋಡಿದರೆ ನಾಲ್ಕು ಬೆರಳು ಬೆಳೆದಿರುತ್ತೆ, ನೀರು ಹಾಕಿದ ಬಳ್ಳಿ ಹಾಗೆ. ನಿದ್ದೆಗಣ್ಣಲ್ಲಿ ನಾನೇ ಹೆಣೆದೆನೇನೋ ಅಂತ ಒಂದು ವಾರ ಕನಸಿನಲ್ಲಿ ಇದ್ದವಳ ಹಾಗೆ ಓಡಾಡಿದೆ. ಆಮೇಲೆ ಅದರ ಮೇಲೆ ಬೆರಳಾಡಿಸಿ ನೋಡಿದೆ. ನನ್ನ ಹೆಣಿಗೆ ಸಡಿಲ, ಇದು ಬಿಗಿ. ಬೆಳ್ಳುಳ್ಳಿ ಸುಲಿಯೋಕೆ ಬಾಗದ ಬೆರಳು ಇದಕ್ಕೆ ಹೇಗೆ ಬಾಗಿತು ಅಂತ ನಾನು ಕೇಳೋದಿಲ್ಲ.

ಮೈ ಭಾಗ ಮುಗೀತು. ನಾನು ಯಾವುದನ್ನೂ ಇಷ್ಟು ದೂರ ತಂದವಳಲ್ಲ. ಎಡತೋಳು ಶುರುಮಾಡಿದ್ದೀನಿ. ಬಲತೋಳಿಗೆ ಬೇಕಾದ ಉಲ್ಲನ್ ಉಂಡೆ, ಕಡ್ಡಿ ನಿಮ್ಮ ಮಂಚದ ಮೇಲಿದೆ.

ಎರಡು ತೋಳೂ ಒಂದೇ ಉದ್ದ ಬರಬೇಕಾದರೆ ಒಬ್ಬರನ್ನೊಬ್ಬರು ಕೇಳಲೇಬೇಕು. ಆರು ಗಂಟೆಗೆ ಬರ್ತೀನಿ. ಹಿರಿಯರು ನೀವು, ಮೊದಲು ನೀವೇ ಕೇಳಿ.