ಕೀ ತೆಗೆದರೂ ನಿಲ್ಲದ ಕಾರು

ಜಿಗಣಿ
೧೨ ಡಿಸೆಂಬರ್ ೨೦೨೫, ಶುಕ್ರವಾರ ಬೆಳಿಗ್ಗೆ

ಪೂಜ್ಯ ಮಾವನವರಿಗೆ ನಿಮ್ಮ ಸೊಸೆ ಮಹಾದೇವಿಯ ಶರಣು ಶರಣಾರ್ಥಿ.

ಮೊಣಕಾಲು ನೋವು ಹೇಗಿದೆ? ಹರಿಹರದಲ್ಲಿ ಚಳಿ ಜೋರಂತೆ. ಮಿಲ್ಲಿಗೆ ಹೋಗುವಾಗ ಮಫ್ಲರ್ ಸುತ್ತಿಕೊಂಡು ಹೋಗಿ. ಸುತ್ತಿಕೊಳ್ಳುವುದಿಲ್ಲ ಎಂದು ಗೊತ್ತು, ಆದರೂ ಹೇಳುತ್ತಿದ್ದೇನೆ. ಫೋನ್ ಇರುವಾಗ ಪತ್ರ ಏಕೆ ಎಂದು ನಗಬೇಡಿ. ರೈಸ್ ಮಿಲ್ಲಿನ ಎಂಜಿನ್ ಪಕ್ಕದಲ್ಲಿ ಆಯುಷ್ಯ ಕಳೆದು ಕಿವಿಯನ್ನು ಅದಕ್ಕೇ ಕೊಟ್ಟವರು ನೀವು. ನಾನು ಏನು ಕೂಗಿದರೂ "ಹೂಂ, ಊಟ ಆತು ತಾಯಿ" ಅನ್ನುತ್ತೀರಿ. ಈ ವಿಷಯಕ್ಕೆ ಆ ಉತ್ತರ ಸಾಲದು. ನಮ್ಮ ಕೆಳಗಿನ ಮನೆಯ ಪಂಚಾಕ್ಷರಿಯವರು ಮಧ್ಯಾಹ್ನದ ರೈಲಿಗೆ ಹರಿಹರಕ್ಕೆ ಹೊರಟಿದ್ದಾರೆ, ಅವರ ಕೈಯಲ್ಲೇ ಕಳಿಸುತ್ತಿದ್ದೇನೆ.

ಸುತ್ತಿ ಬಳಸಿ ಹೇಳುವ ತಾಳ್ಮೆ ನನಗಿಲ್ಲ. ನಾಳೆ ನಿಮ್ಮ ಮಗ ನಿಮ್ಮನ್ನು ಕರೆತರಲು ಕಾರಿನಲ್ಲಿ ಬರುತ್ತಾರೆ. ನೀವು ಆ ಕಾರು ಹತ್ತಬೇಡಿ. ಸೋಮವಾರ ಸ್ಫೂರ್ತಿಯ ಲಿಂಗದೀಕ್ಷೆಗೆ ನೀವು ಬರಲೇಬೇಕು, ಮೊಮ್ಮಗಳು ನಿಮ್ಮ ದಾರಿ ಕಾಯುತ್ತಿದ್ದಾಳೆ. ಆದರೆ ರೈಲಿನಲ್ಲಿ ಬನ್ನಿ, ಅವರನ್ನೂ ರೈಲಿನಲ್ಲೇ ಕರೆತನ್ನಿ. ನನ್ನ ಮಾತನ್ನು ಅವರು ಕಿವಿಗೇ ಹಾಕಿಕೊಳ್ಳುವುದಿಲ್ಲ. ನೀವು ಹೇಳಿದರೆ ಕೇಳುತ್ತಾರೆ.

ಕಾರಿನ ಹೆಚ್ಚುಗಾರಿಕೆಯನ್ನಷ್ಟೇ ಅವರು ನಿಮಗೆ ಹೇಳಿದ್ದಾರೆ. ಸೆಕೆಂಡ್ ಹ್ಯಾಂಡ್ ವಿದೇಶಿ ಗಾಡಿ, ಟರ್ಬೊ ಡೀಸೆಲ್. ಇದ್ದ ಜೋರು ಸಾಲದೆಂದು ಅದರ ಕಂಪ್ಯೂಟರಿಗೂ ಏನೋ ಮಾಡಿಸಿಕೊಂಡು ಬಂದರು. ಎಲೆಕ್ಟ್ರಾನಿಕ್ ಸಿಟಿಯ ಫ್ಲೈಓವರ್ ಮೇಲೆ ಆಕ್ಸಿಲರೇಟರ್ ಒತ್ತಿದರೆ ಬೆನ್ನು ಸೀಟಿಗೆ ಅಂಟುತ್ತದೆ, ನಿಜ. ಆದರೆ ದಿನಾ ಅದು ಓಡುವುದು ಮನೆಯಿಂದ ಆಫೀಸಿಗೆ, ಟ್ರಾಫಿಕ್ಕಿನಲ್ಲಿ ತೆವಳಿಕೊಂಡು. ಅದರ ಮೇಲೆ ನೀವು ಕಲಿಸಿದ ಪಾಠ ಬೇರೆ, ಡೀಸೆಲ್ ಎಂಜಿನ್ ಬೆಚ್ಚಗಾಗದೆ ದುಡಿಸಬಾರದು ಎಂದು. ಬೆಳಿಗ್ಗೆ ಕೆಳಗೆ ಹೋಗಿ ಕಾರು ಸ್ಟಾರ್ಟ್ ಮಾಡಿ ಬಂದು ಲಿಂಗಪೂಜೆಗೆ ಕೂರುತ್ತಾರೆ. ಪೂಜೆ ಮುಗಿಯುವವರೆಗೂ ಅದು ಬೇಸ್‌ಮೆಂಟಿನಲ್ಲಿ ಗುರ್ ಎನ್ನುತ್ತಿರುತ್ತದೆ. ಅಪಾರ್ಟ್‌ಮೆಂಟಿನವರು ಬೈಯುವುದು ನನ್ನನ್ನು, ಅವರನ್ನಲ್ಲ. ಮಿಲ್ಲಿನ ಎಂಜಿನ್ನಿಗೆ ಅದು ಸರಿ ಇದ್ದಿರಬಹುದು ಮಾವ. ಈ ಗಾಡಿಯಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇದೆ. ನಿಂತಲ್ಲೇ ಉರಿದರೆ ಅದು ಕಟ್ಟಿಕೊಳ್ಳುತ್ತದೆ. ಮಸಿ ಸುಡಲು ಗಾಡಿ ತಾನೇ ಹೆಚ್ಚು ಡೀಸೆಲ್ ಬಿಡುತ್ತದೆ, ಸುಟ್ಟು ಮುಗಿಯುವ ಮೊದಲೇ ಆಫೀಸು ಬಂದುಬಿಡುತ್ತದೆ, ಉಳಿದ ಡೀಸೆಲ್ ಎಂಜಿನ್ ಆಯಿಲಿಗೆ ಇಳಿಯುತ್ತದೆ. ಇವರೋ, ಭಾನುವಾರ ಅಳತೆ ಕಡ್ಡಿ ಎಳೆದು, "ನೋಡೇ, ಒಂದ್ ಹನಿ ಆಯಿಲ್ ಕುಡಿದಿಲ್ಲ, ಇನ್ನೂ ಮೇಲೇ ಐತಿ" ಎಂದು ಹಿಗ್ಗುತ್ತಿದ್ದರು. ಹಾಕದ ಆಯಿಲ್ ಹೇಗೆ ಏರುತ್ತದೆ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಹೋದ ವಾರ ಅತ್ತಿಬೆಲೆಯ ಟೋಲ್ ಸಾಲಿನಲ್ಲಿ ನಿಂತಿದ್ದೆವು. ಸ್ಫೂರ್ತಿ ಹಿಂದೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದಳು. ಆಕ್ಸಿಲರೇಟರ್ ಮೇಲೆ ಯಾರೂ ಕಾಲಿಡದೆ ಎಂಜಿನ್ ತಾನಾಗಿ ಕೂಗತೊಡಗಿತು. ಇವರು ಕೀ ತಿರುಗಿಸಿ ಹೊರಗೇ ಎಳೆದರು. ನಿಲ್ಲಲಿಲ್ಲ. ಕೀ ಅವರ ಕೈಯಲ್ಲಿದೆ, ಗಾಡಿ ಇನ್ನೂ ಜೋರಾಗಿ ಅರಚುತ್ತಿದೆ, ಬಿಳಿ ಹೊಗೆ ಕವಿದು ಹಿಂದಿನ ಗಾಡಿಗಳೇ ಕಾಣುತ್ತಿಲ್ಲ. ಟರ್ಬೊದಿಂದ ಒಳಗೆ ಸೋರಿದ ತನ್ನ ಆಯಿಲನ್ನೇ ಕುಡಿದು ಓಡುತ್ತಿತ್ತಂತೆ, ಹಾಗಾದಾಗ ಅದಕ್ಕೆ ಕೀ ಬೇಕಿಲ್ಲವಂತೆ. ನಾನು ಮಗುವನ್ನು ಎಳೆದುಕೊಂಡು ಇಳಿದೆ. ಪಕ್ಕದ ಲಾರಿಯವನು "ಅಕ್ಕಾ, ದೂರ ಓಡಿ, ಎಂಜಿನ್ ಸಿಡಿದ್ಬಿಡ್ತದೆ" ಎಂದು ಕೂಗಿದ. ಇವರು ಮಾತ್ರ ಒಳಗೇ ಕೂತು ಬ್ರೇಕ್ ಒತ್ತಿಹಿಡಿದು, ಮೇಲಿನ ಗೇರಿಗೆ ಹಾಕಿ ಕ್ಲಚ್ ಬಿಟ್ಟರು. ಗಾಡಿ ಒದರಿಕೊಂಡು ನಿಂತಿತು. ಅವತ್ತಿನಿಂದ ಕುಕ್ಕರ್ ಕೂಗಿದರೂ ನನ್ನ ಎದೆ ಧಸಕ್ಕೆನ್ನುತ್ತದೆ.

ವರ್ಕ್‌ಶಾಪಿನ ಮುನೀಂದ್ರ ಎಂಬವರು ನನ್ನೆದುರಿಗೇ ಹೇಳಿದರು, "ಸಾರ್, ಆಯಿಲ್ ಚೇಂಜ್ ಮಾಡಿದೀವಿ, ಆದ್ರೆ ಟರ್ಬೊ ರಿಪೇರಿ ಆಗೋವರೆಗೂ ಓಡಿಸ್ಬೇಡಿ" ಎಂದು. ಪಾರ್ಟ್ ಬರುವುದು ತಡವೆಂದು ಇವರು ಗಾಡಿಯನ್ನು ಹಾಗೇ ಮನೆಗೆ ತಂದರು. ಅಪ್ಪನನ್ನು ಇದರಲ್ಲೇ ಕರೆತರುತ್ತೇನೆಂದು ಮಾತು ಕೊಟ್ಟಿದ್ದಾರಂತೆ. ನಾನು ಅತ್ತರೆ, "ಅವತ್ತು ನಿಲ್ಸಲಿಲ್ವೇನೆ? ಮತ್ತೆ ಆದ್ರೆ ಮತ್ತೆ ನಿಲ್ಲಿಸ್ತೀನಿ" ಅನ್ನುತ್ತಾರೆ. ಒಂದು ಸಲ ನಿಲ್ಲಿಸಿದ್ದೇ ತಲೆಗೇರಿದೆ. ಅವತ್ತು ನಾವು ನಿಂತ ಸಾಲಿನಲ್ಲಿದ್ದೆವು. ಹೆದ್ದಾರಿಯಲ್ಲಿ ಲಾರಿಗಳ ನಡುವೆ ಹಾಗಾದರೆ ಏನು ಮಾಡುತ್ತಾರೆ? ನನಗೆ ತುಂಬಾ ಭಯವಾಗಿದೆ ಮಾವ. ಮಗನಿಗೆ ಬೈಯಿರಿ, ಬೇಕಾದರೆ ಸೊಸೆ ಚಾಡಿ ಹೇಳಿದಳು ಅನ್ನಿ, ನನಗೇನೂ ಬೇಸರವಿಲ್ಲ.

ನಿಮ್ಮ ಆಶೀರ್ವಾದ ಈ ಮನೆಯ ಮೇಲಿರಲಿ. ಮಿಲ್ಲಿನವರಿಗೆಲ್ಲ ನನ್ನ ನಮಸ್ಕಾರ ತಿಳಿಸಿ.

ನಿಮ್ಮ ಸೊಸೆ,
ಮಹಾದೇವಿ

ತಾ.ಕ.: ಪತ್ರ ಮಡಚಿ ಕೆಳಗೆ ಬಂದರೆ ಸ್ಕೂಟರ್ ನಿಂತಿದೆ, ಕಾರಿಲ್ಲ. ಸ್ಫೂರ್ತಿಯನ್ನು ಸ್ಕೂಟರಿನಲ್ಲಿ ಶಾಲೆಗೆ ಬಿಟ್ಟು ಬರುತ್ತೇನೆಂದು ಹೋದವರು ಒಂದು ದಿನ ಮೊದಲೇ ನಿಮ್ಮಲ್ಲಿಗೆ ಹೊರಟುಬಿಟ್ಟಿದ್ದಾರೆ, ನಾಳೆಯಾದರೆ ನಾನು ಅಡ್ಡ ನಿಲ್ಲುತ್ತೇನೆಂದು. "ಅಜ್ಜನ ಊರಿಗೆ ಹೋಗ್ತಿದೀವಿ" ಎಂದು ಮಗು ವಾಚ್‌ಮನ್‌ಗೆ ಹೇಳಿದಳಂತೆ. ಅವರ ಫೋನ್ ಇಲ್ಲೇ ಚಾರ್ಜಿಗೆ ಹಾಕಿದ ಹಾಗೇ ಇದೆ. ಇದು ನಿಮಗೆ ತಲುಪುವಾಗ ಇಬ್ಬರೂ ನಿಮ್ಮೆದುರು ಕೂತಿರಬೇಕು. ಮೊದಲು ಕೀ ಇಸಿದುಕೊಳ್ಳಿ. ಗಾಡಿ ಹೇಗಿದೆ ಎಂದು ಮಾತ್ರ ಕೇಳಬೇಡಿ, ಕೇಳಿದರೆ ಓಡಿಸಿ ತೋರಿಸುತ್ತಾರೆ. ಆಮೇಲೆ ನನಗೊಂದು ಮಿಸ್ಡ್ ಕಾಲ್ ಕೊಡಿ, ಮಾತು ಬೇಡ. ಫೋನ್ ಕೈಯಲ್ಲೇ ಹಿಡಿದು ಕೂತಿದ್ದೇನೆ.