ಅಮ್ಮನ ನೇರಳೆ ಟೋಪಿ

ಅಮ್ಮಾ,

ಇವತ್ತು ನಿನ್ನ ನೇರಳೆ ಟೋಪಿ ಹಾಕಿಕೊಂಡೇ ಆಸ್ಪತ್ರೆಗೆ ಹೋಗಿದ್ದೆ. ಅಲಬಾಮಾದ ಈ ಸೆಕೆಯಲ್ಲಿ ನಿನ್ನ ಹಾಗೆ ಕೈಗವಸು ಹಾಕೋದು ಮಾತ್ರ ನನ್ನಿಂದಾಗಲಿಲ್ಲ. "ನಾವು ಕರಿಯರು ಕಣೇ. ಚರ್ಚಿಗೆ ಹೊರಟ ಹಾಗೆ ಹೊರಟ್ರೇನೇ ಡಾಕ್ಟ್ರು ನಮ್ಮನ್ನ ಮನುಷ್ಯರು ಅಂತ ಮಾತಾಡಿಸೋದು" ಅನ್ನುತ್ತಿದ್ದೆಯಲ್ಲ.

ಎದೆಯ ಗಂಟಿನ ಮಾತೆತ್ತುವ ಮೊದಲೇ ಬಿಳಿಯ ಡಾಕ್ಟರು ನಕ್ಕು, "ಏನಮ್ಮ ವರ್ನೆಲ್, ಇಷ್ಟು ಲಕ್ಷಣವಾಗಿ ಬಂದಿದ್ದೀರ, ನಿಮಗೇನು ಕಾಯಿಲೆ?" ಎಂದರು. ನಿನಗೆ ಗಂಟಾದಾಗಲೂ ಹೀಗೇ ಕೇಳಿದ್ದರು. ನೀನು ನಾಚಿಕೊಂಡು, "ಏನಿಲ್ಲ ಸರ್, ಚೆನ್ನಾಗಿದ್ದೀನಿ, ದೇವರ ದಯೆ" ಎಂದುಬಿಟ್ಟೆ. ಪಕ್ಕದ ಕುರ್ಚಿಯಲ್ಲಿ ನಾನಿದ್ದೆ. ಮುಂದಿನ ಈಸ್ಟರಿಗೆ ಚರ್ಚಿನಲ್ಲಿ ನಿನ್ನ ಜಾಗ ಖಾಲಿಯಿತ್ತು.

"ಟೋಪಿ ನಮ್ಮಮ್ಮಂದು ಡಾಕ್ಟ್ರೇ, ಗಂಟು ನನ್ನದು. ಅದರ ಎಕ್ಸ್‌ರೇ ತೆಗೆಸೋವರೆಗೂ ನಾನಿಲ್ಲಿಂದ ಏಳಲ್ಲ" ಎಂದೆ. ದನಿ ಎಷ್ಟು ಏರಿತ್ತೋ, ಹೊರಗೆ ಕೂತಿದ್ದ ಅರ್ನೆಸ್ಟೀನ್ ಅತ್ತೆ ಚರ್ಚಿನಲ್ಲಿ ಪಾದ್ರಿಗಳ ಉಪದೇಶದ ನಡುವೆ ಹುರುಪಿನಿಂದ ಕೂಗುವ ಹಾಗೆಯೇ ಕೂಗಿದರು: "ಹೇಳು ಮಗಳೇ, ಹೇಳು!"

ಕೊನೆಗೂ ಎಕ್ಸ್‌ರೇ ತೆಗೆಸಿದರು. ಗಂಟು ಇನ್ನೂ ಸಣ್ಣದಂತೆ. ಬೇಗ ಸಿಕ್ಕಿತಂತೆ. ವಾಸಿಮಾಡಬಹುದಂತೆ.

ಮನೆಗೆ ಬಂದು ಟೋಪಿಯನ್ನು ಡಬ್ಬಿಗೆ ಹಾಕಲು ಹೋದರೆ, ಒಳಪಟ್ಟಿಯಲ್ಲಿ ಇನ್ನೂ ನಿನ್ನ ತಲೆಯೆಣ್ಣೆಯ ವಾಸನೆ. ಮುಚ್ಚಲು ಮನಸ್ಸಾಗಲಿಲ್ಲ. ನಿನ್ನ ಕುರ್ಚಿಯ ಮೇಲೇ ಇಟ್ಟಿದ್ದೇನೆ. ಪಕ್ಕದ ಕುರ್ಚಿಯಲ್ಲಿ ನಾನಿದ್ದೇನೆ.

ವರ್ನೆಲ್